ಸೊಲ್ಲು ಎತ್ತಿದವರು ಯಾರು?

ದೆವ್ವ, ಶಕುನ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ನಾನು ಚಹಾದ ನೆವ ಹೇಳಿ ಎದ್ದುಬಿಡುತ್ತಿದ್ದೆ. ಎದ್ದು ಹೋಗಿ ಬೆನ್ನ ಹಿಂದೆ ನಗುತ್ತಲೂ ಇದ್ದೆ. ಹೀಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಕೊನೆ. ನಾನು ಕುವೈತಿನ ಮೀನಾ ಅಲ್ ಅಹ್ಮದಿ ತೈಲಾಗಾರದಲ್ಲಿ ಟೆಕ್ನೀಶಿಯನ್, ಮನೆ ಹವಲ್ಲಿ ಬಡಾವಣೆಯಲ್ಲಿ. ಬಾಗಲಕೋಟೆ ಕಡೆಯ ನನ್ನೂರಿನವನೇ ಆದ ಶಿವಾನಂದನನ್ನು ವೀಸಾ ಕೊಡಿಸುವ ಅರಬ್ ಮಾಲೀಕ ಕಫೀಲನ ಕೈಕಾಲು ಹಿಡಿದು ಅಲ್ಲಿಗೆ ಕರೆಸಿಕೊಂಡಿದ್ದೆ. ಊರಲ್ಲಿ ಇಬ್ಬರೂ ದೊಡ್ಡಾಟದ ಹುಚ್ಚರು. ಅವನು ದೇವಿಯ ವೇಷ ಹಾಕಿದರೆ ನಾನು ಹಿಮ್ಮೇಳದಲ್ಲಿ ನಿಂತು ಸೊಲ್ಲು ಎತ್ತುತ್ತಿದ್ದೆ. ಪಾತ್ರಧಾರಿ ಹಾಡಿ ಬಿಟ್ಟ ಕೊನೆಯ ಸಾಲನ್ನು ಹಿಂದಿನವರು ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ಅವನಿಗೆ ಉಸಿರಾಡಲೂ ಬಿಡುವಿಲ್ಲ.

ಬೆಳತನಕ ನಡೆಯುವ ಆ ಹಳೇ ದೇವಿಯಾಟವನ್ನು ಎರಡು ತಾಸಿಗೆ ಇಳಿಸಿ ಇಲ್ಲಿಯ ಕನ್ನಡಿಗರಿಗೆ ತೋರಿಸೋಣ ಎಂದು ಹೊರಟೆವು. ಒಂದು ವರ್ಷ, ಪ್ರತಿ ಶುಕ್ರವಾರ, ನಮ್ಮ ಮನೆಯಲ್ಲೇ ಕೂತು ಹಾಡು ಕಡಿದೆವು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳಿಗೂ ತಿಳಿಯುವಂತೆ ಮಾತು ತಿದ್ದಿದೆವು. ರಾಕ್ಷಸನನ್ನು ಬಡವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಏಜೆಂಟನನ್ನಾಗಿ ಮಾಡಿದ್ದು ನಾನೇ.

ಆಟದ ದಿನ ಸಂಜೆ ಶಾಲೆಯ ಹಾಲ್‌ಗೆ ಹೋದರೆ, ಪರದೆಯ ಹಿಂದೆ ನಾನು ನಿಲ್ಲಬೇಕಾದ ಜಾಗದಲ್ಲಿ ಸ್ಪೀಕರ್ ಇತ್ತು. ಕರಪತ್ರದಲ್ಲಿ ರೂಪಾಂತರ, ನಿರ್ದೇಶನ ಎರಡಕ್ಕೂ ಶಿವಾನಂದನದೇ ಹೆಸರು. ಬಣ್ಣ ಹಚ್ಚಿಕೊಳ್ಳುತ್ತಿದ್ದವನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

“ಹಿಮ್ಮೇಳ ಹಳೀದಾತಂತ ಅಣ್ಣಾ. ಕನ್ನಡ ಸಂಘದ ಕಮಿಟಿಯವ್ರು ಕೀಬೋರ್ಡ್ ಸಾಕಂದ್ರು, ರೆಕಾರ್ಡ್ ಮಾಡಿಸೇವಿ. ನೀ ಮುಂದ ಕುಂತು ನೋಡು.”

“ಯಾವಾಗಿಂದ ಗೊತ್ತದ ನಿನಗ?”

“ಎರಡು ತಿಂಗಳಾತು.”

ಎರಡು ತಿಂಗಳು ನನ್ನ ಮನೆಯ ರೊಟ್ಟಿ ತಿಂದು ಬಾಯಿ ಬಿಟ್ಟಿರಲಿಲ್ಲ. ಉಂಡ ಮನೆಗೆ ಎರಡು ಬಗೆದ. ಆಟ ನೋಡಲು ಬಂದಿದ್ದ ಹೆಂಡತಿ, ಮಗಳನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿದು ಮನೆಗೆ ಬಂದೆ. ಆಟ ಮುಗಿಯುವವರೆಗೂ ಸೋಫಾ ಬಿಟ್ಟು ಏಳಲಿಲ್ಲ.

ಹೆಂಡತಿ ಮಗಳನ್ನು ಕರೆದುಕೊಂಡು ನಗುತ್ತಾ ಒಳಗೆ ಬಂದಳು. “ಸಿಟ್ಟು ಮಾಡಿ ಎದ್ದು ಹೋದವ್ರು ಮತ್ಯಾವಾಗ ಹೋಗಿ ಪರದೆ ಹಿಂದ ನಿಂತ್ರಿ? ಸ್ಪೀಕರ್ ಬಂದ್ ಆಗಿ ಶಿವಣ್ಣ ಕಂಗಾಲಾಗಿದ್ದ. ನೀವು ಸೊಲ್ಲು ಎತ್ತಿದ್ರಿ ನೋಡ್ರಿ, ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು.”

ನಾನು ಮನೆಯಲ್ಲೇ ಇದ್ದೆ ಎಂದರೆ ಅವಳು ಇಂದಿಗೂ ನಂಬುವುದಿಲ್ಲ.

ವಾರದ ನಂತರ ವಿಡಿಯೋ ಕ್ಯಾಸೆಟ್ ನೋಡಿದೆ. ದನಿ ನನ್ನದೇ. ತಾಲೀಮಿನಲ್ಲಿ ಕದ್ದು ರೆಕಾರ್ಡ್ ಮಾಡಿರಬೇಕು ಎಂದುಕೊಂಡೆ. ಆದರೆ ಸ್ಪೀಕರ್ ನಿಂತ ಗಾಬರಿಯಲ್ಲಿ ಶಿವಾನಂದ ಹಿಡಿದದ್ದು ನಾವು ಮೊದಲ ಶುಕ್ರವಾರವೇ ಕಡಿದು ಹಾಕಿದ್ದ ಹಾಡು. ಕುವೈತಿನಲ್ಲಿ ಅದನ್ನು ನಾನು ಒಮ್ಮೆಯೂ ಹಾಡಿರಲಿಲ್ಲ.

ಶಿವಾನಂದ ಬಂದು ಕಾಲು ಹಿಡಿದು ಅತ್ತ. “ಅಷ್ಟು ಮಾಡಿದ್ರೂ ನೀ ನನ್ನ ಕೈ ಬಿಡಲಿಲ್ಲಲ್ಲ ಅಣ್ಣಾ” ಎಂದ. ನಾನು ಅವನನ್ನು ಕ್ಷಮಿಸಿರಲಿಲ್ಲ. ಈಗಲೂ ಕ್ಷಮಿಸಿಲ್ಲ.

ಅವನು ಮಾಡಿದ್ದು ಅರ್ಥವಾಗುತ್ತದೆ. ಹೆಸರಿನ ಆಸೆ ಯಾರನ್ನು ಬಿಟ್ಟಿದೆ? ಆದರೆ ನಾನು ಮನೆಯಲ್ಲಿ ಹಲ್ಲು ಕಚ್ಚಿ ಕೂತಿರುವಾಗ ನನ್ನ ದನಿ ನನ್ನನ್ನೊಂದು ಮಾತೂ ಕೇಳದೆ ಅವನ ಬೆನ್ನಿಗೆ ಹೋಗಿ ನಿಂತಿತಲ್ಲ, ಅದನ್ನು ಯಾರ ಮುಂದೆ ದೂರಲಿ?