ಚಾಂದನಿಯ ಕುಣಿತ

ಮಂಠಾಳದ ನರಸಿಂಗನ ತಲೆ ಕೆಟ್ಟುಹೋಗಿತ್ತು. ಮದುವೆ ಮೆರವಣಿಗೆಯಲ್ಲಿ ಕುಣಿಯುವ ಅವನ ಕುದುರೆ ಚಾಂದನಿಗೆ ಮಂಡಿ ಬಾತಿತ್ತು. ಅದರದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬಂದ ಔಷಧವನ್ನು ಕೀಲಿಗೆ ಚುಚ್ಚುತ್ತೇನೆಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಆದರೆ ಹೋದ ವಾರ ವಾಪಸ್ ಕಳಿಸಿಬಿಟ್ಟರು. ಮೈ ಬಿಸಿಯಾದರೆ ಕುಂಟು ಕಾಣುವುದಿಲ್ಲವೆಂದು ಮದುವೆಯ ಗಿರಾಕಿಗೆ ತೋರಿಸುವ ಮುಂಚೆ ಕುದುರೆಯನ್ನು ಓಡಿಸುವುದು ನರಸಿಂಗನ ರೂಢಿ. ಅಂದು ಡಾಕ್ಟರ ಮುಂದೆ ನಿಲ್ಲಿಸುವಾಗಲೂ ಹಾಗೇ ಮಾಡಿದ್ದ.

“ಓಡಿಸಿದ್ರ ರಕ್ತದಾಗಿನ ಅಂಶ ಏರುಪೇರು ಆಗ್ತಾವ. ಔಷಧ ಹ್ಯಾಂಗ ಬರ್ತದೋ ಹೇಳಾಕ ಆಗೂದಿಲ್ಲ. ದಣಿಸದಂಗ ತರ್ರಿ,” ಎಂದಿದ್ದರು.

ಇಂದು ಟೆಂಪೋದಲ್ಲಿ ತಂದು, ಆಸ್ಪತ್ರೆಯ ಬೇವಿನ ನೆರಳಲ್ಲಿ ಕಟ್ಟಿ, ಒಂದು ಹೆಜ್ಜೆಯೂ ಇಡಗೊಡದೆ ಕಾದಿದ್ದ. ಡಾಕ್ಟರು ಸೂಜಿ ಹಿಡಿದು ಬಂದರು. ಅಷ್ಟರಲ್ಲಿ ರಸ್ತೆಯಲ್ಲಿ ಯಾರದೋ ಮದುವೆ ಬರಾತಿನ ಬ್ಯಾಂಡು ಶುರುವಾಯಿತು. ಚಾಂದನಿ ಕಿವಿ ನಿಮಿರಿಸಿ, ಬಾತ ಕಾಲನ್ನೂ ಎತ್ತೆತ್ತಿ ಕುಣಿಯತೊಡಗಿತು.

“ಸುಮ್ನ ನಿಂದರ, ಹಾಳಾದಾಕಿ!” ಎಂದು ನರಸಿಂಗ ಹಗ್ಗ ಜಗ್ಗಿದ. ಅದು ಇನ್ನೂ ಜೋರಾಗಿ ಕುಣಿಯಿತು. ಮೈಯೆಲ್ಲ ಬೆವರು. ಡಾಕ್ಟರು ಸೂಜಿ ಕೆಳಗಿಟ್ಟರು.

“ಹಿಂಗ್ಯಾಕ ಕುಣ್ಯಾಕತ್ತದರಿ ಇದು?”

“ಕುಣಿಯೂದು ನಾನ ಕಲಿಸೀನ್ರಿ,” ನರಸಿಂಗ ಹಗ್ಗವನ್ನು ನೆಲಕ್ಕೆ ಬಿಸಾಕಿದ. “ನಿಂದ್ರೂದು ಕಲಿಸಿಲ್ರಿ.”