ಲೌಂಜಿನಲ್ಲಿ ಗುರುಬಸವ್ವನ ಪೂಜೆ

ಜಮಖಂಡಿ, ಬನಹಟ್ಟಿ, ಮುಧೋಳದ ಕಡೆಯ ಬಹಳಷ್ಟು ಮಂದಿ ಮಾತು ಕಲಿಯುವ ಮೊದಲೇ ಗುರುಬಸವ್ವನ ಬೈಗುಳ ತಿಂದವರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವಾಗ ಆಕೆಯ ಬಾಯಿ ಸುಮ್ಮನಿರುವುದಿಲ್ಲ. ಕೂಸು ಅತ್ತರೆ ಕೂಸಿಗೆ, ನೀರು ಆರಿದ್ದರೆ ಮನೆಯವರಿಗೆ ಬೈಗುಳ. ಬಾಣಂತಿ ತಣ್ಣೀರು ಮುಟ್ಟಿದ್ದು ಕಂಡರಂತೂ ಓಣಿಗೆಲ್ಲ ಕೇಳಬೇಕು. ಗಂಡ ತೀರಿಕೊಂಡ ವರ್ಷ ಚಿಮ್ಮಡದಲ್ಲಿ ಹಿಡಿದ ಕೆಲಸ ಇದು. ಆಗ ಎರೆದ ಕೂಸುಗಳು ಈಗ ತಾಯಂದಿರಾಗಿದ್ದಾರೆ, ಅವರ ಬಾಣಂತನಕ್ಕೂ ಆಕೆಯೇ ಬೇಕು.

ಅಂಥ ಗುರುಬಸವ್ವ ಈಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ದುಡ್ಡು ಕೊಟ್ಟವರನ್ನಷ್ಟೇ ಒಳಗೆ ಬಿಡುವ ಲೌಂಜಿನ ಮೆತ್ತನೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಬೈಯುವುದಿರಲಿ, ಮಾತಾಡಲೂ ತ್ರಾಣವಿರಲಿಲ್ಲ. ಹಿಂದಿನ ಸಂಜೆ ಬನಹಟ್ಟಿಯಲ್ಲಿ ಬಸ್ಸು ಹತ್ತಿದ ಮೇಲೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಸೊಂಟ ಸೊಂಟದ ಜಾಗದಲ್ಲಿರಲಿಲ್ಲ. ಬೆಳಗಿನಿಂದ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಅದಕ್ಕೆ ಕಾರಣ ಯಾರೂ ಅಲ್ಲ, ಆಕೆಯೇ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈತೊಳೆದು, ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡದೆ ನೀರೂ ಕುಡಿಯದ ಜೀವ ಅದು. ಜ್ವರ ಬಂದು ಮಲಗಿದಾಗಲೂ ಬಿಟ್ಟವಳಲ್ಲ.

ಆಕೆಯನ್ನು ಕರೆದುಕೊಂಡು ಹೊರಟವಳು ದಾನೇಶ್ವರಿ, ರಬಕವಿಯ ಸೀರೆ ವ್ಯಾಪಾರಸ್ಥರ ಮನೆಯಾಕೆ. ಮಸ್ಕತ್ತಿನಲ್ಲಿರುವ ಮಗಳಿಗೆ ದಿನ ತುಂಬಿತ್ತು. ದಾನೇಶ್ವರಿಯ ಎರಡು ಬಾಣಂತನ ಮಾಡಿದ್ದೂ ಗುರುಬಸವ್ವನೇ, ಈಗ ಹಡೆಯಲಿರುವ ಆ ಮಗಳಿಗೆ ಎರೆದದ್ದೂ ಗುರುಬಸವ್ವನೇ. ಬೇರೆ ಯಾರ ಕೈಗೂ ಕೂಸು ಕೊಡುವುದಿಲ್ಲವೆಂದು ದಾನೇಶ್ವರಿ ಹಟ ಹಿಡಿದು ಪಾಸ್‌ಪೋರ್ಟು ಮಾಡಿಸಿದ್ದಳು. ಅವಳ ಕೊರಳಲ್ಲಿ ಲಿಂಗವಿಲ್ಲ. ಅದು ಕಪಾಟಿನಲ್ಲಿದೆ, ಹಬ್ಬಕ್ಕೊಮ್ಮೆ ಹೊರಗೆ ಬರುತ್ತದೆ.

ದುಡ್ಡು ಕೊಟ್ಟಾಗಿದೆ, ಬೇಕಾದ್ದನ್ನು ಬೇಕಾದಷ್ಟು ತಿನ್ನಬಹುದು, ಉಪ್ಪಿಟ್ಟಿದೆ, ಇಡ್ಲಿ ಇದೆ, ಹಣ್ಣಿದೆ ಎಂದು ದಾನೇಶ್ವರಿ ಒಂದೇ ಸಮನೆ ಹೇಳುತ್ತಿದ್ದಳು. ದಾರಿಯಲ್ಲಿದ್ದಾಗ ಮನಸ್ಸಿನಲ್ಲಿ ನೆನೆದರೆ ಸಾಲದೇ ಎಂದೂ ಕೇಳಿ ನೋಡಿದಳು.

"ನೀ ತಿನ್ನವಾ," ಎಂದಳು ಗುರುಬಸವ್ವ. "ನಂದಿನ್ನ ಪೂಜಿ ಆಗಿಲ್ಲ."

ದಾನೇಶ್ವರಿ ಮುಖ ಗಂಟು ಹಾಕಿಕೊಂಡಳು. ಆದರೂ ಎದ್ದು ಹೋಗಿ, ಇಲ್ಲಿ ಸ್ನಾನಕ್ಕೆ ಅನುಕೂಲವಿದೆ ಎಂದಿರಲ್ಲ, ಎಲ್ಲಿ ಎಂದು ಅಲ್ಲಿನ ಹುಡುಗಿಯನ್ನು ವಿಚಾರಿಸಿದಳು. ಇದ್ದದ್ದು ಒಂದೇ ಬಚ್ಚಲು. ಒಳಗೆ ಹೊಕ್ಕ ಯಾರೋ ಸಾಹೇಬರಿಗೆ ಹೊರಗೆ ಬರುವ ಮನಸ್ಸಿರಲಿಲ್ಲ.

ಕಾಯುತ್ತ ಕೂತ ಗುರುಬಸವ್ವನಿಗೆ ಹಸಿವಿಗಿಂತ ಹೆಚ್ಚಾಗಿ ಹೆದರಿಕೆ ಕಾಡುತ್ತಿತ್ತು. ಅದು ವಿಮಾನದ ಹೆದರಿಕೆಯಲ್ಲ, ತನ್ನ ಕೈಯದೇ ಹೆದರಿಕೆ. ಒಂದು ವರ್ಷದಿಂದ ಬೆರಳುಗಳು ಹೇಳದೆ ಕೇಳದೆ ಜೋಮು ಹಿಡಿಯುತ್ತಿದ್ದವು. ಬೀಳಗಿಯ ಒಂದು ಮನೆಯಲ್ಲಿ ಬಿಸಿನೀರಿನ ತಂಬಿಗೆ ಕೈಜಾರಿ ತನ್ನ ಕಾಲೇ ಸುಟ್ಟಿತ್ತು. ಪುಣ್ಯಕ್ಕೆ ಕೂಸು ಆಗ ತಾಯಿಯ ಮಡಿಲಲ್ಲಿತ್ತು. ತಂಬಿಗೆಗೆ ಎಣ್ಣೆ ಹತ್ತಿತ್ತು ಎಂದು ಸುಳ್ಳು ಹೇಳಿ ಪಾರಾಗಿದ್ದಳು. ದಾನೇಶ್ವರಿ ಕರೆದಾಗ ಬರುವುದಿಲ್ಲ ಎನ್ನಬೇಕಿತ್ತು. ಆದರೆ ಅಷ್ಟು ದೂರದಿಂದಲೂ ತನ್ನ ಕೈಯೇ ಬೇಕೆಂದು ಕೇಳಿದರಲ್ಲ ಎಂಬ ಹಿಗ್ಗಿಗೆ ಹೂಂ ಅಂದುಬಿಟ್ಟಳು. ಈಗ ಹೇಳಬೇಕು, ಹೇಳಿದರೆ ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ. ಹೇಳದಿದ್ದರೆ ಯಾರದೋ ಎಳೆಗೂಸಿನ ಗತಿ ಏನು? ಬಸ್ಸಿನಲ್ಲಿ ನಿದ್ದೆ ಬಾರದ್ದು ಇದಕ್ಕೇ.

ಕೊನೆಗೂ ಸಾಹೇಬರು ಹೊರಬಂದರು. ಗುರುಬಸವ್ವ ಮೈತೊಳೆದು, ಮಡಿಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು. ಗೋಡೆ ಬದಿ ಜಮಖಾನದ ಮೇಲೆ ಶಾಲು ಹಾಸಿ ಕೂತಳು. ಮನೆಯಿಂದ ತಂದ ನೀರನ್ನು ತಪಾಸಣೆಯವರು ಒಳಗೆ ಬಿಟ್ಟಿರಲಿಲ್ಲ, ಹಾಗಾಗಿ ಲೌಂಜಿನ ಗ್ಲಾಸಿನಲ್ಲೇ ನೀರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈ ಮೇಲಿಟ್ಟು, ನೀರೆರೆದು, ಅದಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿದಳು. ಹಿಂದೆ ಯಾರದೋ ಪೆಟ್ಟಿಗೆಯ ಗಾಲಿಗಳು ಉರುಳಿದವು, ಚಹಾದ ಯಂತ್ರ ಬುಸುಗುಟ್ಟಿತು. ಆಕೆ ಲಿಂಗವನ್ನೇ ನೋಡುತ್ತ ಕೂತಳು. ಬಿಸಿನೀರು ಬಿದ್ದ ಮೈ ಸಡಿಲಾಗಿತ್ತು. ಕಣ್ಣು ಯಾವಾಗ ಮುಚ್ಚಿತೋ ಆಕೆಗೇ ತಿಳಿಯಲಿಲ್ಲ.

ಎಚ್ಚರವಾದದ್ದೇ ಮೊದಲು ಅಂಗೈ ನೋಡಿಕೊಂಡಳು. ಅಂಗೈಯಿಂದ ಜಾರಿ ಲಿಂಗ ನೆಲ ಕಂಡರೆ ಅದಕ್ಕಿಂತ ದೊಡ್ಡ ಕೇಡಿಲ್ಲ ಎಂದು ನಂಬಿದವಳು ಆಕೆ. ಲಿಂಗ ಇದ್ದಲ್ಲೇ ಇತ್ತು. ಆದರೆ ಅದನ್ನು ಉಳಿಸಿದ್ದು ತನ್ನ ಕೈಯಲ್ಲ. ಸತ್ತಂತೆ ಬಿದ್ದಿದ್ದ ತನ್ನ ಅಂಗೈಯ ಕೆಳಗೆ ಇನ್ನೆರಡು ಅಂಗೈಗಳಿದ್ದವು. ರೇಷ್ಮೆ ಸೀರೆಯ ದಾನೇಶ್ವರಿ ನೆಲಕ್ಕೆ ಮೊಣಕಾಲೂರಿ, ಮೈತೊಳೆಯದ ತನ್ನ ಬೆರಳು ಲಿಂಗಕ್ಕೆ ತಾಗದ ಹಾಗೆ, ಉಸಿರು ಬಿಗಿಹಿಡಿದು ಕೂತಿದ್ದಳು. ಅವಳ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ.

"ನಮ್ಮ ವಿಮಾನದವರು ಕರ್ಯಾಕತ್ತಾರ್ರಿ," ಎಂದಳು ಮೆಲ್ಲಗೆ. "ಎಬ್ಬಿಸಿದ್ರ ಬೆದರಿ ಕೈ ಬಿಟ್ಟೀರಿ ಅಂತ ಸುಮ್ಮನ ಕುಂತೆ. ಮೊದಲ ಲಿಂಗಾ ಒಳಗ ಇಟ್ಟು, ನೀರು ಕುಡೀರಿ."

ಗುರುಬಸವ್ವ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟಳು. ಮುಚ್ಚಳ ಹಾಕಲು ಬೆರಳು ಬಗ್ಗಲಿಲ್ಲ, ದಾನೇಶ್ವರಿಯ ಕಣ್ಣೆದುರಿಗೇ ಮೂರು ಸಲ ತಪ್ಪಿತು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ದಾನವ್ವಾ, ನನ್ನ ಕೈಯಾಗ ಶಕ್ತಿ ಉಳಿದಿಲ್ಲ. ಲಿಂಗಾ ಹಿಡಿಯಾಕ ಆಗದಾಕಿ ಕೂಸ ಹ್ಯಾಂಗ ಹಿಡೀಲಿ? ನನ್ನ ಊರಿಗೆ ಕಳಸವಾ."

"ಗೊತ್ತೈತ್ರಿ," ಎಂದಳು ದಾನೇಶ್ವರಿ. "ಬೀಳಗ್ಯಾಗ ಕಾಲ ಸುಟಗೊಂಡ್ರಲ್ಲ, ಆ ಸುದ್ದಿ ಕೇಳಿದಾಗನ ತಿಳೀತು."

"ತಿಳದೂ ಯಾಕ ಕರಕೊಂಡ ಬಂದಿ?"

ಬೆಳಗಿನಿಂದ ಇಡ್ಲಿ ಉಪ್ಪಿಟ್ಟು ಎಂದು ತಲೆ ತಿಂದ ದಾನೇಶ್ವರಿಯ ಬಾಯಿ ಈಗ ಮಾತಿಗೆ ತಡವರಿಸಿತು.

"ಎರಡು ಹಡದೇನಿ, ಒಂದ ದಿನಾನೂ ನಾ ಎರದಿಲ್ಲ. ನೀವು ಮುಟ್ಟಾಕ ಎಲ್ಲಿ ಬಿಟ್ರಿ? ಈಗ ಮಗಳು ನನ್ನ ನಂಬಿ ಕುಂತಾಳ. ನನಗ ಭಾಳ ಅಂಜಿಕಿ ಬಂದೈತ್ರಿ ಅಕ್ಕಾ. ಎರಿಯಾಕ ನಾ ಎರೀತೀನಿ. ನೀವು ಬಾಜೂಕ ಇರ್ರಿ, ಅಷ್ಟ ಸಾಕು."

ಗುರುಬಸವ್ವನಿಗೆ ಮೊದಲು ಅವಮಾನವಾಯಿತು. ತನ್ನ ಕೈಯನ್ನು ಕರೆದಿದ್ದಾರೆಂದು ಹಿಗ್ಗಿದ್ದಳಲ್ಲ, ಆ ಹಿಗ್ಗು ನೆನೆದು ನಾಚಿಕೆಯಾಯಿತು. ಆಮೇಲೆ, ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಪೂಜೆಯ ನೀರು ಕುಡಿದಳು. ಧ್ವನಿವರ್ಧಕದಲ್ಲಿ ಮಸ್ಕತ್ತಿನ ಹೆಸರು ಮತ್ತೆ ಕೇಳಿಸಿತು.

ದಾನೇಶ್ವರಿ ಏಳಲು ಹೋದಳು. ಗುರುಬಸವ್ವ ಅವಳ ಎರಡೂ ಕೈಗಳನ್ನು ತನ್ನತ್ತ ಎಳೆದುಕೊಂಡಳು. ಬಹಳ ಹೊತ್ತು ಹಿಡಿದು ಹಿಡಿದು ಆ ಬೆರಳುಗಳು ಸೆಟೆದುಕೊಂಡಿದ್ದವು. ತನ್ನ ಜೋಮು ಹಿಡಿದ ಹೆಬ್ಬೆರಳಿನಿಂದ ಒಂದೊಂದನ್ನೇ ನೀವಿ ಬಿಡಿಸಿದಳು.

"ಹಿಂಗ ಬಿಗಿ ಹಿಡೀಬಾರದವಾ," ಎಂದಳು. "ಕೂಸು ಅಂಜತೈತಿ."