ವಿಶಾಖಪಟ್ಟಣದಲ್ಲಿ ನಮ್ಮ ಅತ್ತೆಯ ಜಪಾನು

2017ರ ಬೇಸಿಗೆಯ ಒಂದು ಬೆಳಿಗ್ಗೆ ನಾನು, ನಮ್ಮ ಅತ್ತೆ ಸುಭದ್ರಮ್ಮ ಇಬ್ಬರೇ ವಿಜಯವಾಡದಲ್ಲಿ ರೈಲು ಹತ್ತಿದೆವು. ವಿಶಾಖಪಟ್ಟಣಕ್ಕೆ ಮುನ್ನೂರೈವತ್ತು ಕಿಲೋಮೀಟರು, ಆರು ತಾಸಿನ ಹಾದಿ. ಎಂಬತ್ತು ದಾಟಿದವರನ್ನು ಈ ಸೆಕೆಯಲ್ಲಿ ಕರೆದೊಯ್ಯುವುದೇ ಎಂದು ಮನೆಯಲ್ಲಿ ಎಲ್ಲರೂ ನನ್ನನ್ನು ಬೈದರು. ಕರೆದೊಯ್ಯುತ್ತಿದ್ದವರು ಅತ್ತೆ, ನಾನಲ್ಲ. ಅಲ್ಲಿ ಜಪಾನ್ ಸಂಸ್ಕೃತಿಯ ಉತ್ಸವವಿತ್ತು. ‘ಜಪಾನ್ ಮತ್ತು ನಾನು’ ಎಂಬ ವಿಷಯದ ಮೇಲೆ ಯಾರು ಬೇಕಾದರೂ ಮಾತನಾಡಬಹುದೆಂದು ಪತ್ರಿಕೆಯಲ್ಲಿ ಓದಿ, ನನ್ನಿಂದಲೇ ಹೆಸರು ಕೊಡಿಸಿದ್ದರು.

ಅತ್ತೆಯ ತಂದೆ ಬಳ್ಳಾರಿಯವರು, ವಿಶಾಖಪಟ್ಟಣ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಮುಂದೆ ತೆಲುಗು ಮನೆ ಸೇರಿದರೂ ಅತ್ತೆ ಕನ್ನಡ ಬಿಡಲಿಲ್ಲ. ಧಾರವಾಡದ ಸೊಸೆಯಾದ ನನ್ನೊಡನೆ ಜಗಳಕ್ಕೂ ಅದೇ ಭಾಷೆ.

ವಿಜಯವಾಡದಲ್ಲಿ ಕೊಂಡ ಇಡ್ಲಿ ತಣ್ಣಗಾಗಿತ್ತು. ಗೋದಾವರಿ ಸೇತುವೆಯ ಮೇಲೆ ಕೇಳಿದೆ, “ಅಲ್ರೀ, ಅಲ್ಲಿ ಏನ್ ಹೇಳಾವ್ರು ನೀವು?”

“ಗೊಂಬೆ ವಿಷಯ,” ಎಂದರು. ಆಗೆಲ್ಲ ಅಂಗಡಿ ತುಂಬ ಜಪಾನಿನ ಪಿಂಗಾಣಿ ಗೊಂಬೆಗಳಂತೆ. ಅಪ್ಪ ಒಂದು ತಂದುಕೊಟ್ಟಿದ್ದರು. 1942ರಲ್ಲಿ ಜಪಾನಿನ ವಿಮಾನಗಳು ಬಂದರಿನ ಮೇಲೆ ಬಾಂಬು ಹಾಕಿದವು. ಜನ ಊರು ಬಿಟ್ಟು ಓಡಿದರು. ಮನೆಗೆ ಬೀಗ ಹಾಕುವ ಮೊದಲು ಅಪ್ಪ ಆ ಗೊಂಬೆಯನ್ನು ಬಾವಿಕಟ್ಟೆಗೆ ಅಪ್ಪಳಿಸಿದರು. “ನಾನು ಬಾಂಬಿಗೆ ಅಳಲಿಲ್ಲ ಕಣೆ, ಗೊಂಬೆಗೆ ಅಳ್ತಾನೇ ಇದ್ದೆ. ಅಪ್ಪನ ಹತ್ತಿರ ಎಷ್ಟೋ ದಿನ ಮಾತು ಬಿಟ್ಟೆ.”

ಮಧ್ಯಾಹ್ನ ಸಭಾಂಗಣ ತಲುಪಿದಾಗ ಸೀರೆ ಮೈಗೆ ಅಂಟಿತ್ತು. ಒಳಗೆ ಎ.ಸಿ., ಕಾಗದದ ಹೂಗಳು, ಒಂದು ಮೂಲೆಯಲ್ಲಿ ಚಹಾ ಮಾಡುವ ಶಿಸ್ತಿನ ಪ್ರದರ್ಶನ. ಚಹಾ ಕಹಿ ಕಹಿ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ರಾಜ, ರಾಣಿ, ವಾದ್ಯದವರ ಗೊಂಬೆಗಳು, ಥೇಟ್ ನಮ್ಮ ದಸರಾ ಸಾಲು. ಅತ್ತೆ ಅಲ್ಲಿಂದ ಕದಲಲೇ ಇಲ್ಲ. ನಾನು ಗೋಡೆಯ ಚರಿತ್ರೆಯ ಫಲಕಗಳನ್ನು ಓದಿದೆ. ದೇವಾಲಯ, ಯೋಧರು, ಬುಲೆಟ್ ರೈಲು ಎಲ್ಲ ಇದ್ದವು. 1942 ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಏನು ಹೇಳುತ್ತೀರೆಂದು ಸಂಘಟಕರು ಮೊದಲೇ ವಿಚಾರಿಸಿಕೊಂಡರು. ಕೇಳಿ ಕೈಮುಗಿದರು. “ಅಮ್ಮಗಾರೂ, ಗೊಂಬೆಯದ್ದು ಬಹಳ ಚೆನ್ನಾಗಿದೆಯಂಡಿ. ಅಷ್ಟೇ ಹೇಳಿ. ಬಾಂಬು ಬೇಡ, ಅತಿಥಿಗಳಿದ್ದಾರೆ.”

“ಬಾಂಬು ಬಿಟ್ಟರೆ ನಮ್ಮಪ್ಪ ಏನಾಗ್ತಾನೆ? ಸುಮ್ಮಸುಮ್ಮನೆ ಮಗಳ ಗೊಂಬೆ ಒಡೆದ ಹುಚ್ಚ!” ಎಂದರು ಅತ್ತೆ. “ಅವನು ಅಂಥವನಲ್ಲ. ಪೂರ್ತಿ ಹೇಳ್ತೀನಿ.”

ಸಂಘಟಕರು ನಕ್ಕು ತಲೆಯಾಡಿಸಿದರು, ಆಮೇಲೆ ಸರದಿಯಲ್ಲಿ ಅತ್ತೆಯ ಹೆಸರನ್ನೇ ಹಾರಿಸಿಬಿಟ್ಟರು. ಎಲಾ ಇವನ! ನಾನು ಅತ್ತೆಯ ಕೈ ಹಿಡಿದು ನೇರ ವೇದಿಕೆ ಹತ್ತಿಸಿದೆ. ಅಡ್ಡ ಬಂದ ಸಂಘಟಕರಿಗೆ ನನ್ನ ಹರಕು ತೆಲುಗಿನಲ್ಲೇ ಹೇಳಿದೆ, “ಈಕೆ ಜಪಾನನ್ನು ನಿಮಗಿಂತ ಮೊದಲು ನೋಡಿದವರು. ತಲೆಯ ಮೇಲೆ ನೋಡಿದವರು. ಸರಿಯಿರಿ.” ಅವರು ಸರಿದರು.

ಅತ್ತೆ ತೆಲುಗಿನಲ್ಲಿ ಪೂರ್ತಿ ಹೇಳಿದರು. ಒಡೆದ ಚೂರುಗಳನ್ನು ಅಪ್ಪನೇ ಕೂತು ಆಯ್ದುದನ್ನೂ ಹೇಳಿದರು. ಅದನ್ನು ನನಗೂ ಹೇಳಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಜಪಾನಿ ಮಹಿಳೆ ಎದ್ದು, ಕ್ಷಮಿಸಿ ಎಂದು ದುಭಾಷಿಯ ಮೂಲಕ ಹೇಳಿದರು.

“ನೀನು ಹುಟ್ಟೇ ಇರಲಿಲ್ಲವಲ್ಲ ತಾಯಿ, ನಿನ್ನ ಕ್ಷಮೆ ಯಾರಿಗೆ ಬೇಕು?” ಎಂದರು ಅತ್ತೆ. “ಆ ಗೋಡೆಯ ಮೇಲೆ ಇದನ್ನೂ ಬರೆಸು.”

ಆಕೆ ಗೋಡೆಯ ಬಳಿ ಹೋಗಿ ಫಲಕಗಳನ್ನು ಒಂದೊಂದಾಗಿ ಓದತೊಡಗಿದರು.

ಸಂಜೆಯ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರಂಚಿನ ಗಾಜುವಾಕದ ಕಡೆಯ ದೀಪಗಳು ಹಿಂದೆ ಸರಿಯುವಾಗ ಅತ್ತೆ ಕೇಳಿದರು, “ಮುಂದಿನ ವರ್ಷ ಉತ್ಸವ ಯಾವಾಗಂತೆ? ಬರೆದಿದ್ದಾರೋ ಇಲ್ಲವೋ ನೋಡಬೇಕು.”

“ಇಷ್ಟೆಲ್ಲಾ ಆದಮ್ಯಾಲೆ ನಮ್ಮನ್ನ ಎಲ್ಲಿ ಕರೀತಾರ್ರೀ ಅವರು?”

“ಅವತ್ತು ಆ ವಿಮಾನಗಳನ್ನ ಯಾರು ಕರೆದಿದ್ರು?”